ನೆಲದ ಋಣ

2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರವೇಶ ನೀತಿಯನ್ನು ಅಸಿಂಧುಗೊಳಿಸಿದಾಗ, ಈ ದೇಶದಲ್ಲಿ ನೆಲೆಸಿರುವ ಭಾರತೀಯರಲ್ಲಿ ಹಲವರು ಅದನ್ನು ಪ್ರತಿಭೆಗೆ ಸಂದ ಜಯವೆಂದು ಹಿಗ್ಗಿದರು. ಊರಿನಲ್ಲಿದ್ದಾಗ ಮೀಸಲಾತಿಯ ವಿರುದ್ಧ ಆಡುತ್ತಿದ್ದ ಮಾತನ್ನು ಇಲ್ಲಿಯೂ ಮುಂದುವರಿಸಲು ಅಂಥವರಿಗೊಂದು ನೆಪ ದೊರೆಯಿತು. ಆ ಸಂಭ್ರಮದಲ್ಲಿ, ಕೇಳಲೇಬೇಕಾಗಿದ್ದ ಪ್ರಶ್ನೆಯೊಂದು ಮರೆಯಾಯಿತು: ಈ ದೇಶದ ವಿಶ್ವವಿದ್ಯಾಲಯಗಳನ್ನು ಕಟ್ಟಿದ್ದು ಯಾರ ನೆಲದ ಬಲದಿಂದ?

1862ರ ಮೊರಿಲ್ ಕಾಯಿದೆಯ ಮೂಲಕ ಕೇಂದ್ರ ಸರ್ಕಾರವು ಸುಮಾರು 1 ಕೋಟಿ 7 ಲಕ್ಷ ಎಕರೆ ಭೂಮಿಯನ್ನು ರಾಜ್ಯಗಳಿಗೆ ಹಂಚಿತು. ಅದನ್ನು ಮಾರಿ ಬಂದ ಹಣವೇ ಕಾರ್ನೆಲ್, ಪರ್ಡ್ಯೂ, ಒಹಾಯೊ ಸ್ಟೇಟ್‌ನಂತಹ ವಿಶ್ವವಿದ್ಯಾಲಯಗಳಿಗೆ ಮೂಲಧನವಾಯಿತು. ಆ ಭೂಮಿಯನ್ನು ಸುಮಾರು 250 ಬುಡಕಟ್ಟುಗಳಿಂದ, ಬಲವಂತದ ಒಪ್ಪಂದಗಳ ಮೂಲಕವೋ ಒಪ್ಪಂದವೇ ಇಲ್ಲದೆಯೋ ಕಿತ್ತುಕೊಳ್ಳಲಾಗಿತ್ತು. ನಮ್ಮಲ್ಲಿ ಎಷ್ಟೋ ಜನರ ಸ್ನಾತಕೋತ್ತರ ಪದವಿಗಳು ಇಂತಹ ಸಂಸ್ಥೆಗಳವೇ.

ಹೀಗಿರುವಾಗ ಮೂಲನಿವಾಸಿಗಳಿಗೆ ದೊರೆಯುವ ಸವಲತ್ತನ್ನು ಔದಾರ್ಯವೆನ್ನುವುದು ಸಲ್ಲದು. 1911ರಲ್ಲಿ ಕೊಲರಾಡೊ ರಾಜ್ಯವು ಫೋರ್ಟ್ ಲೂಯಿಸ್‌ನ ಹಳೆಯ ಇಂಡಿಯನ್ ವಸತಿ ಶಾಲೆಯ ಆಸ್ತಿಯನ್ನು ಪಡೆಯುವಾಗ, ಮೂಲನಿವಾಸಿ ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲವೆಂದು ಒಪ್ಪಿಕೊಂಡಿತು. ಅಲ್ಲಿನ ಕಾಲೇಜು ಇಂದಿಗೂ ಆ ಮಾತಿಗೆ ಬದ್ಧವಾಗಿದೆ. 1974ರ ಮಾರ್ಟನ್ ವಿರುದ್ಧ ಮಂಕಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಡಿಯನ್ ವ್ಯವಹಾರಗಳ ಬ್ಯೂರೋದ ನೇಮಕಾತಿಯಲ್ಲಿ ಬುಡಕಟ್ಟುಗಳ ಸದಸ್ಯರಿಗೆ ನೀಡುವ ಆದ್ಯತೆಯು ಜನಾಂಗಭೇದವಲ್ಲವೆಂದು ಒಮ್ಮತದಿಂದ ತೀರ್ಪಿತ್ತಿತು. ಬುಡಕಟ್ಟುಗಳು ಸ್ವಂತ ಆಡಳಿತದ ಹಕ್ಕುಳ್ಳ ರಾಜಕೀಯ ಸಮುದಾಯಗಳು ಎಂಬುದು ಅದರ ಆಧಾರ.

ಈ ಆಧಾರದಲ್ಲಿಯೂ ಬಿರುಕಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 2022ರಲ್ಲಿ ಆರಂಭಿಸಿದ ಶುಲ್ಕ ವಿನಾಯಿತಿಯು ಕೇಂದ್ರ ಸರ್ಕಾರ ಅಂಗೀಕರಿಸಿದ ಬುಡಕಟ್ಟುಗಳ ಸದಸ್ಯರಿಗಷ್ಟೇ ಸಲ್ಲುತ್ತದೆ. ಉಳಿದವರ ನೆರವಿಗೆ ಇನ್ನೊಂದು ಬುಡಕಟ್ಟೇ ತನ್ನ ಹಣ ಕೊಡಬೇಕಾಯಿತು. ಅದೇ ರಾಜ್ಯದ ಬುಡಕಟ್ಟುಗಳೊಂದಿಗೆ ಮಾಡಿಕೊಂಡ 18 ಒಪ್ಪಂದಗಳನ್ನು 1852ರಲ್ಲಿ ತಿರಸ್ಕರಿಸಿ, ಅರ್ಧ ಶತಮಾನ ಕಾಲ ಮುಚ್ಚಿಟ್ಟದ್ದು ಇದೇ ಕೇಂದ್ರದ ಸೆನೆಟ್. ನೆಲ ಕಸಿದವರೇ ಈಗ ಗುರುತಿನ ಚೀಟಿ ಕೇಳುತ್ತಿದ್ದಾರೆ.

ತಾಯ್ನಾಡಿನ ಅನುಭವವೂ ಇದಕ್ಕೆ ದೂರವಲ್ಲ. ಕರ್ನಾಟಕವು 2022ರಲ್ಲಿ ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ ಏರಿಸಿತು. ಅದು ನ್ಯಾಯವಾದ ಹೆಜ್ಜೆ. ಆದರೆ ನಾಗರಹೊಳೆಯ ಜೇನುಕುರುಬರು 2006ರ ಅರಣ್ಯ ಹಕ್ಕು ಕಾಯಿದೆಯಡಿ ತಮ್ಮ ಹಾಡಿಗಳ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಬೇಕಾಗಿದೆ. ಕಾಲೇಜಿನ ಸೀಟು ತೋರಿಸಿ ಕಾಡಿನ ಹಕ್ಕನ್ನು ಮರೆಸಲಾಗದು. ಎರಡೂ ಅವರಿಗೆ ಸಲ್ಲಬೇಕು.

ನಾಗರಿಕ ಹಕ್ಕುಗಳ ಚಳವಳಿಯ ಕಾವಿನಲ್ಲಿ ರೂಪುಗೊಂಡ 1965ರ ವಲಸೆ ಕಾಯಿದೆಯಿಂದಾಗಿ ಈ ದೇಶದ ಬಾಗಿಲು ನಮಗೆ ತೆರೆಯಿತು. ಹಾಗೆ ಬಂದು ನೆಲೆ ಕಂಡ ನಮ್ಮ ಮೇಲೆ ಈ ನೆಲದ ಋಣವಿದೆ. ದೇಣಿಗೆ ಕೇಳುವ ಕಾಗದಗಳು ನಾವು ಓದಿದ ವಿಶ್ವವಿದ್ಯಾಲಯಗಳಿಂದ ಆಗಾಗ ಬರುತ್ತಲೇ ಇರುತ್ತವೆ. ಅವು ಬಂದಾಗ, ಯಾವ ಬುಡಕಟ್ಟಿನ ಭೂಮಿಯಿಂದ ತಮ್ಮ ನಿಧಿ ಬೆಳೆಯಿತೆಂದು ಪ್ರಕಟಿಸುವಂತೆಯೂ, ಅಂಗೀಕಾರವಿಲ್ಲದ ಬುಡಕಟ್ಟುಗಳ ಮಕ್ಕಳಿಗೂ ಶುಲ್ಕ ಮನ್ನಾ ಮಾಡುವಂತೆಯೂ ಕೇಳಿ ಉತ್ತರ ಬರೆಯೋಣ.