ಕೂಡ್ಲಿಯಲ್ಲಿ ಕೂಡುವುದು ಹೊಳೆ ಮಾತ್ರವೇ?



ಒಳಚರಂಡಿ ಪೈಪಿಗೆ ಸಿಗದ ಶಿವಮೊಗ್ಗದ ಕೊಳಚೆ ತುಂಗೆಗೆ, ಭದ್ರಾವತಿಯದು ಭದ್ರೆಗೆ. ಎರಡೂ ಕೂಡ್ಲಿಯಲ್ಲಿ ಸೇರಿ ಕೆಳಗಿನ ಹೊನ್ನಾಳಿ, ಹರಿಹರದವರ ಪಾಲಾಗುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿಮಾಡಿದ ರಾಜ್ಯದ 17 ಮಲಿನ ನದಿಪಾತ್ರಗಳಲ್ಲಿ ಈ ಅಕ್ಕತಂಗಿಯರಿಬ್ಬರೂ ಇದ್ದರು.

ಬಡಾವಣೆಗೆ ಒಪ್ಪಿಗೆ ಕೊಡಲು ಶಿವಮೊಗ್ಗ, ಭದ್ರಾವತಿ ಎರಡೂ ಊರಿಗೆ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಅದೇ ಬಡಾವಣೆಯ ಚರಂಡಿ ವಿಷಯ ಬಂದರೆ ಮಹಾನಗರ ಪಾಲಿಕೆ, ನಗರಸಭೆ, ಗ್ರಾಮ ಪಂಚಾಯಿತಿ ಎಂದು ಗಡಿ ಏಳುತ್ತದೆ. ಬಿ.ಎಚ್. ರಸ್ತೆಯುದ್ದಕ್ಕೂ ನಿದಿಗೆ, ಮಾಚೇನಹಳ್ಳಿ ಕಡೆ ಎರಡು ಊರುಗಳೂ ಒಂದನ್ನೊಂದು ಮುಟ್ಟಲು ಹೊರಟಿವೆ. ಪೈಪುಗಳಿಗೆ ಮಾತ್ರ ಆ ಆತುರವಿಲ್ಲ.

ಪ್ರತಿ ಪಂಚಾಯಿತಿಯೂ ಸ್ವಂತ ಶುದ್ಧೀಕರಣ ಘಟಕ ಕಟ್ಟಲಾರದು. ಪಕ್ಕದ ನಗರದ ಘಟಕಕ್ಕೆ ಕೊಳಚೆ ಕಳಿಸುವ ಕರಾರು ಮಾಡಿಕೊಳ್ಳಲಿ. ದಿನಕ್ಕೆ ಎಷ್ಟು ಲೀಟರ್, ದರ ಎಷ್ಟು, ಅಳೆಯುವ ಮೀಟರ್ ಯಾರದು, ಪೈಪು ಒಡೆದರೆ ರಿಪೇರಿ ಖರ್ಚು ಯಾರ ತಲೆಗೆ, ಕಾರ್ಖಾನೆ ನೀರು ಬೆರೆತರೆ ಏನು ಕ್ರಮ—ಇವು ಮೊದಲೇ ಬರಹದಲ್ಲಿರಬೇಕು. ಬಾಯಿಮಾತಿನ ಒಪ್ಪಂದ ಮುಂದಿನ ಆಯುಕ್ತರ ವರ್ಗಾವಣೆವರೆಗೆ ಮಾತ್ರ! ಮಾತುಕತೆಗೆ ಹೊಸ ವೇದಿಕೆ ಬೇಕಿಲ್ಲ. ನಗರ-ಪಂಚಾಯಿತಿಗಳ ಸಮಾನ ವಿಷಯಗಳನ್ನು ನೋಡಲೆಂದೇ ಸಂವಿಧಾನದ 243ಝಡ್‌ಡಿ ವಿಧಿಯಡಿ ಜಿಲ್ಲಾ ಯೋಜನಾ ಸಮಿತಿ ಇದೆ. ಅದರ ಮುಂದಿನ ಸಭೆಗೆ ಈ ವಿಷಯ ಬರಲಿ.

— ಓದುಗ, ಹೊಳೆಹೊನ್ನೂರು