ತೆರೆ ಒಡೆಯದ ಕಡೆ ಇಳಿಯಬೇಡಿ

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಯಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಬಯಲುಸೀಮೆಯ ಮಕ್ಕಳಿಗೆ ಕಡಲು ನೋಡುವ ಆಸೆ. ಕಳೆದ ಸಲ ಒಂಬತ್ತನೇ ತರಗತಿಯ ಹುಡುಗನೊಬ್ಬ, ‘ನಂಗೆ ಈಜು ಬರುತ್ತೆ ಸಾರ್, ತೋಟದ ಬಾವೀಲಿ ಕಲ್ತಿದೀನಿ’ ಎಂದ. ಅವನ ಧೈರ್ಯ ಕಂಡು ನನಗೆ ಭಯವಾಯಿತು. ಬಾವಿಯದು ನಿಂತ ನೀರು, ನಾಲ್ಕು ಸಲ ಕೈ ಬೀಸಿದರೆ ಕಲ್ಲು ಸಿಗುತ್ತದೆ. ಕಡಲ ನೀರು ನಡೆಯುತ್ತದೆ, ನಮ್ಮನ್ನೂ ನಡೆಸಿಕೊಂಡು ಹೋಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಹೊನ್ನಾವರದ ಕಡೆ. ಅಪ್ಪ ರಂಪಣಿ ಬಲೆ ಎಳೆಯುತ್ತಿದ್ದರು. ಹನ್ನೆರಡು ವರ್ಷದವನಿದ್ದಾಗ ಒಂದು ದಿನ, ಉದ್ದಕ್ಕೂ ತೆರೆ ಅಬ್ಬರಿಸುತ್ತಿದ್ದ ದಂಡೆಯಲ್ಲಿ ಒಂದು ಕಡೆ ಮಾತ್ರ ನೀರು ಸುಮ್ಮನಿರುವುದು ಕಂಡು ಅಲ್ಲೇ ಇಳಿದೆ. ಸೊಂಟದ ಮಟ್ಟಕ್ಕೆ ಹೋಗುವಷ್ಟರಲ್ಲಿ ಕಾಲಡಿಯ ಮರಳು ಜಾರಿತು. ಎಷ್ಟು ಕೈಕಾಲು ಬಡಿದರೂ ದಡ ದೂರವೇ ಆಗುತ್ತಿತ್ತು. ಅಪ್ಪ ದಂಡೆಗುಂಟ ಓಡುತ್ತ, ‘ಅಡ್ಡಕ್ಕೆ ಬಾ ತಮಾ, ಅಡ್ಡಕ್ಕೆ!’ ಎಂದು ಕೂಗಿದರು. ಅಡ್ಡಕ್ಕೆ ಈಜಿದೆ. ಸ್ವಲ್ಪ ದೂರಕ್ಕೆ ಸೆಳೆತ ಬಿಟ್ಟಿತು. ಅಲ್ಲಿನ ತೆರೆಗಳೇ ನನ್ನನ್ನು ದಂಡೆಗೆ ತಂದು ಹಾಕಿದವು.

ದಡಕ್ಕೆ ಬಂದು ಬಿದ್ದ ನೀರು ಹಿಂದಕ್ಕೆ ಹೋಗಲೇಬೇಕು. ನೀರೊಳಗಿನ ಮರಳುದಿಣ್ಣೆಗಳ ನಡುವೆ ಆಳದ ಕಂಡಿ ಇದ್ದರೆ, ಅದು ಅಲ್ಲಿ ಹೊಳೆಯಂತೆ ಒಟ್ಟುಗೂಡಿ ಹೊರಗೆ ಹರಿಯುತ್ತದೆ. ಆಳವಿರುವುದರಿಂದ ಅಲ್ಲಿ ತೆರೆ ಒಡೆಯುವುದು ಕಡಿಮೆ, ನೀರು ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಹೊಸಬರು ಮೋಸ ಹೋಗುವುದು ಅಲ್ಲೇ. ಈ ಸೆಳೆತದ ವೇಗ ಸೆಕೆಂಡಿಗೆ 2 ಮೀಟರ್ ದಾಟುವುದುಂಟು. ಜಗತ್ತಿನ ಅತಿ ವೇಗದ ಈಜುಗಾರರು 100 ಮೀಟರ್ ಈಜುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಸೆಳೆತ ತಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಅದರ ಎದುರು ಸೆಣಸಿ ಸುಸ್ತಾದವರು ಮುಳುಗುತ್ತಾರೆ. ಮೊದಲು ಅಂಗಾತ ತೇಲಬೇಕು, ಕೈ ಎತ್ತಿ ಕರೆಯಬೇಕು, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಈಜಿ, ತೆರೆ ಒಡೆಯುವ ಕಡೆಯಿಂದ ಒಳಗೆ ಬರಬೇಕು. ದಂಡೆಯಲ್ಲಿದ್ದವರು ಹಿಂದೆ ಮುಂದೆ ನೋಡದೆ ಹಾರಬಾರದು. ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಬೇಕು, ಜೀವರಕ್ಷಕರನ್ನು ಕೂಗಬೇಕು, 112ಕ್ಕೆ ಕರೆ ಮಾಡಬೇಕು.

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಮುರ್ಡೇಶ್ವರಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಕಡಲ ಪಾಲಾದರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥ ಸಾವಿನ ನಂತರ ಕೆಲವು ದಿನ ಕಡಲತೀರ ಮುಚ್ಚುತ್ತೇವೆ, ಆಮೇಲೆ ಮರೆಯುತ್ತೇವೆ. ಮಕ್ಕಳಿಗೆ ಕಡಲನ್ನು ತೋರಿಸಲೇಬೇಕು. ಆದರೆ ಅದಕ್ಕೂ ಮೊದಲು ಅದರ ಸ್ವಭಾವವನ್ನು ಹೇಳಿಕೊಡಬೇಕು.

ಆದ್ದರಿಂದ ಶಿಕ್ಷಣ ಇಲಾಖೆಗೆ ನನ್ನ ಒತ್ತಾಯವಿಷ್ಟು: ಕರಾವಳಿ ಪ್ರವಾಸಕ್ಕೆ ಅನುಮತಿ ಕೊಡುವಾಗ, ಮಕ್ಕಳಿಗೂ ಜೊತೆಗೆ ಹೋಗುವ ಶಿಕ್ಷಕರಿಗೂ ಅರ್ಧ ಗಂಟೆಯ ಕಡಲ ಪಾಠ ಕಡ್ಡಾಯವಾಗಲಿ. ಜೀವರಕ್ಷಕರಿಲ್ಲದ ಕಡೆ, ಕೆಂಪು ಬಾವುಟ ಹಾರುವ ಕಡೆ ಯಾವ ಮಗುವೂ ನೀರಿಗಿಳಿಯುವುದು ಬೇಡ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮಾನ್ಯತೆಯನ್ನು 2020ರಲ್ಲಿ ಪಡೆದ ಕಾಸರಕೋಡು, ಪಡುಬಿದ್ರಿಗಳಲ್ಲಿ ಜೀವರಕ್ಷಕರ ವ್ಯವಸ್ಥೆ ಸಾಧ್ಯವಾಗಿದೆ ಎಂದಮೇಲೆ, ಪ್ರವಾಸಿಗರು ಮುಗಿಬೀಳುವ ಉಳಿದ ದಂಡೆಗಳಲ್ಲೂ ಆಗಬೇಕು.

ನಾನು ಆ ಪಾಠವನ್ನು ಈಗಾಗಲೇ ಮಾಡುತ್ತಿದ್ದೇನೆ. ಕರಿಹಲಗೆಯ ಮೇಲೆ ತೆರೆಗಳ ಸಾಲು ಬರೆದು, ನಡುವೆ ಒಂದು ಕಂಡಿ ಬಿಟ್ಟು, ‘ಎಲ್ಲಿ ಇಳೀತೀರಿ?’ ಎಂದು ಕೇಳುತ್ತೇನೆ. ಹೆಚ್ಚುಕಡಿಮೆ ಎಲ್ಲರ ಬೆರಳೂ ಕಂಡಿಯನ್ನೇ ತೋರಿಸುತ್ತದೆ. ಬಾವಿಯಲ್ಲಿ ಈಜು ಕಲಿತ ಹುಡುಗನೂ ಅಲ್ಲಿಗೇ ಬೆರಳಿಟ್ಟಿದ್ದ. ಅಂದು ನನ್ನನ್ನು ಕೂಗಿ ಉಳಿಸಲು ಅಪ್ಪ ದಂಡೆಯಲ್ಲಿದ್ದರು. ಕಡಲನ್ನೇ ಕಾಣದ ಊರಿನ ಮಗುವಿಗೆ ಆ ಕೂಗು ಬಸ್ಸು ಹತ್ತುವ ಮೊದಲೇ ಕೇಳಿಸಿರಬೇಕು.