ಆರನೆಯ ಸೂತಕ ಬೇಡ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ನಮ್ಮ ಮನೆಗಳಲ್ಲಿ ಹೆಣ್ಣುಮಗಳಿಗೆ ಸ್ತನದ ಅಥವಾ ಗರ್ಭಕಂಠದ ಕ್ಯಾನ್ಸರ್ ಬಂತೆಂದರೆ ಬಂಧುಬಳಗ ಕೇಳುವುದು ಎರಡೇ ಮಾತು: ಊಟ ಸೇರುತ್ತದೆಯೇ, ಖರ್ಚು ಎಷ್ಟಾಯಿತು? ರಾತ್ರಿ ನಿದ್ದೆ ಹತ್ತಿತೇ ಎಂದು ಯಾರೂ ಕೇಳುವುದಿಲ್ಲ. ಆಕೆಗೂ ಡಾಕ್ಟರ ಮುಂದೆ ಅದನ್ನು ಹೇಳಲು ಸಂಕೋಚ.

ಕ್ಯಾನ್ಸರ್ ಇದ್ದವರಲ್ಲಿ ನಿದ್ರಾಹೀನತೆ ಉಳಿದವರಿಗಿಂತ ಬಹಳ ಹೆಚ್ಚು. ಎಲ್ಲವೂ ಚಿಂತೆಯಿಂದ ಎಂದು ತಿಳಿಯಬೇಡಿ. ಕಿಮೊ ವೇಳೆ ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ. ಸ್ತನ ಕ್ಯಾನ್ಸರಿಗೆ ವರ್ಷಗಟ್ಟಲೆ ನುಂಗುವ ಟ್ಯಾಮೊಕ್ಸಿಫೆನ್‌ನಿಂದ ಹಲವರಿಗೆ ನಡುರಾತ್ರಿ ಮೈ ಕಾದು ಬೆವರು ಸುರಿಯುತ್ತದೆ. ನೋವಂತೂ ಇದ್ದೇ ಇದೆ. ಸ್ಟೀರಾಯ್ಡ್ ಗುಳಿಗೆಯನ್ನು ಮುಂಜಾನೆಯೇ ತೆಗೆದುಕೊಳ್ಳಬಹುದೇ, ನೋವಿನ ಗುಳಿಗೆಯ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. (ಕೇಳದೆ ನೀವೇ ಬದಲಿಸಬೇಡಿ.) ನಿದ್ದೆ ಗುಳಿಗೆಗಿಂತ ಮೊದಲು ಮಲಗುವ, ಏಳುವ ರೂಢಿ ತಿದ್ದುವ ಆಪ್ತಸಲಹೆ ಕೊಡಬೇಕೆಂದು ವೈದ್ಯಶಾಸ್ತ್ರವೇ ಹೇಳುತ್ತದೆ.

ಔಷಧಕ್ಕೆ ಸಂಬಂಧವಿಲ್ಲದ ಕಾರಣವೂ ಒಂದಿದೆ. ಕೆಲವು ಮನೆಗಳಲ್ಲಿ ಆಕೆಯ ತಾಟು, ಹಾಸಿಗೆ ಬೇರೆ ಮಾಡುತ್ತಾರೆ. ಪಡಸಾಲೆಯ ಮೂಲೆಯಲ್ಲಿ ಒಬ್ಬಳನ್ನೇ ಮಲಗಿಸುತ್ತಾರೆ, ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಕ್ಯಾನ್ಸರ್ ಅಂಟುರೋಗವಲ್ಲ. ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ಮಕ್ಕಳು, ಅದೂ ಬಸವಣ್ಣನವರು ಹುಟ್ಟಿದ ಸೀಮೆಯವರು, ಆರನೆಯ ಸೂತಕವೊಂದನ್ನು ಹುಟ್ಟಿಸಿಕೊಂಡರೆ ಏನೆನ್ನಬೇಕು? ಆ ಮೂಲೆಯಲ್ಲಿ ಯಾರಿಗೆ ನಿದ್ದೆ ಬಂದೀತು? ಇನ್ನು ಕೆಲವು ಮನೆಗಳಲ್ಲಿ ಕಿಮೊ ಆದ ಮೂರನೆಯ ದಿನಕ್ಕೇ ಬೆಳಗಿನ ಜಾವ ಎದ್ದು ರೊಟ್ಟಿ ಬಡಿಯುವವಳು ಆಕೆಯೇ. ಆ ವಾರ ಗಂಡಸರು ಬಡಿದರೆ ಅದೂ ಕಾಯಕವೇ.

ನಮ್ಮ ಕಡೆಯವರು ಚಿಕಿತ್ಸೆಗೆಂದು ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ. ನೂರಾರು ಕಿ.ಮೀ. ದಾರಿ. ಸಿಂದಗಿ, ಮುದ್ದೇಬಿಹಾಳಕ್ಕೆ ರೈಲೇ ಇಲ್ಲ. ಇಂಡಿ, ಬಾಗೇವಾಡಿಯ ನಿಲ್ದಾಣಗಳು ಊರಿನಿಂದ ದೂರ. ಹೋಗುವ ರಾತ್ರಿ ಬಸ್ಸು, ಬರುವ ರಾತ್ರಿ ಬಸ್ಸು. ಕಿದ್ವಾಯಿಯ ಕೇಂದ್ರವೊಂದು ಕಲಬುರಗಿಯಲ್ಲಿದೆ. ಕೆಲವು ಸುತ್ತಿನ ಕಿಮೊ ಅಲ್ಲಿ ಆದೀತೇ ಎಂದು ಮೊದಲೇ ವಿಚಾರಿಸಿ.

ಬೆಂಗಳೂರಿನಲ್ಲಿ ವಸತಿಯುಳ್ಳ ಮಠಗಳ ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ಪ್ರಸಾದ ನಿಲಯದ ನೆಲಮಹಡಿಯಲ್ಲಿ ಎರಡು ಕೋಣೆಗಳನ್ನು ಈ ತಾಯಂದಿರಿಗೆ ಮೀಸಲಿಡಿ. ಶೌಚಾಲಯ ಹತ್ತಿರವಿರಲಿ, ಬೀದಿಯ ಗದ್ದಲ ದೂರವಿರಲಿ. ಕಟ್ಟಡಗಳ ಲೆಕ್ಕ ಬಲ್ಲವನಾಗಿ ಹೇಳುತ್ತೇನೆ: ಹೊಸ ಕಟ್ಟಡವೂ ಬೇಡ, ದೇಣಿಗೆ ಪಟ್ಟಿಯೂ ಬೇಡ, ನಾಲ್ಕು ಮಂಚ, ಒಂದು ಫ್ಯಾನು ಮತ್ತು ಬೀಗದ ಕೈ ಹಿಡಿಯುವ ಒಬ್ಬರು ಸಾಕು.